ಬಹುಮತ ಎಣಿಸಬೇಕಾದದ್ದು ಎಲ್ಲಿ?

ಮುಖ್ಯಮಂತ್ರಿಯನ್ನು ನೇಮಿಸುವವರು ರಾಜ್ಯಪಾಲರು. ಆದರೆ ಮಂತ್ರಿಮಂಡಲ ಹೊಣೆಯಾಗಿರುವುದು ವಿಧಾನಸಭೆಗೆ. ಸಂವಿಧಾನದ 164ನೇ ವಿಧಿ ಇಷ್ಟನ್ನು ಸ್ಪಷ್ಟವಾಗಿ ಹೇಳುತ್ತದೆ. ಸದನದ ವಿಶ್ವಾಸ ಉಳಿದಿದೆಯೋ ಹೋಗಿದೆಯೋ ಎಂಬುದನ್ನು ಯಾರು, ಎಲ್ಲಿ ನೋಡಬೇಕು ಎಂಬುದನ್ನು ಮಾತ್ರ ಅದು ಹೇಳಿಲ್ಲ. ಚುನಾಯಿತ ಸರ್ಕಾರದ ಅಳಿವು-ಉಳಿವು ಈ ಪ್ರಶ್ನೆಯ ಮೇಲೇ ನಿಂತಿದ್ದರೂ ಖಚಿತ ಉತ್ತರ ಸಿಗಲು ನಾಲ್ಕು ದಶಕಕ್ಕೂ ಹೆಚ್ಚು ಕಾಲ ಹಿಡಿಯಿತು. ಆ ಉತ್ತರ ತಂದುಕೊಟ್ಟದ್ದು ಕರ್ನಾಟಕದ ಮೊಕದ್ದಮೆ.

ಸಮಸ್ಯೆಯ ಬೇರು 1935ರ ಭಾರತ ಸರ್ಕಾರ ಕಾಯ್ದೆಯಲ್ಲಿದೆ. ಅದರ 93ನೇ ಸೆಕ್ಷನ್ ಪ್ರಕಾರ ಪ್ರಾಂತ್ಯದ ಆಡಳಿತವನ್ನು ಗವರ್ನರ್ ತಮ್ಮ ಕೈಗೇ ತೆಗೆದುಕೊಳ್ಳಬಹುದಿತ್ತು. ಇದೇ ಅಧಿಕಾರ ರೂಪ ಬದಲಿಸಿಕೊಂಡು 356ನೇ ವಿಧಿಯಾಗಿ ನಮ್ಮ ಸಂವಿಧಾನಕ್ಕೆ ಬಂತು. ಇದು ದುರ್ಬಳಕೆಯಾಗಬಹುದೆಂದು ಸಂವಿಧಾನ ಸಭೆಯಲ್ಲಿ ಕೆಲವರು ಎಚ್ಚರಿಸಿದಾಗ ಅಂಬೇಡ್ಕರ್ ಆ ಸಾಧ್ಯತೆಯನ್ನು ಅಲ್ಲಗಳೆಯಲಿಲ್ಲ. ಅದನ್ನು ಬಳಸುವ ಸಂದರ್ಭವೇ ಬಾರದಿರಲಿ ಎಂದು ಆಶಿಸಿದರು. 1951ರಲ್ಲೇ ಪಂಜಾಬಿನಲ್ಲಿ ಬಳಕೆಯಾಯಿತು. 1959ರಲ್ಲಿ ಕೇರಳದ ಇ.ಎಂ.ಎಸ್. ನಂಬೂದಿರಿಪಾಡ್ ಸರ್ಕಾರ ವಿಧಾನಸಭೆಯಲ್ಲಿ ಬಹುಮತ ಇದ್ದೂ ವಜಾ ಆಯಿತು. 1977ರಲ್ಲಿ ಜನತಾ ಸರ್ಕಾರ ಒಂಬತ್ತು ರಾಜ್ಯಗಳ ಕಾಂಗ್ರೆಸ್ ಸರ್ಕಾರಗಳನ್ನು ಒಮ್ಮೆಲೇ ಕಿತ್ತುಹಾಕಿತು. 1980ರಲ್ಲಿ ಇಂದಿರಾ ಗಾಂಧಿಯವರು ಅಷ್ಟೇ ರಾಜ್ಯಗಳಲ್ಲಿ ಅದನ್ನೇ ಮಾಡಿದರು. ಇಂಥ ರಾಜಕೀಯ ತೀರ್ಮಾನಗಳಲ್ಲಿ ಕೋರ್ಟು ತೀರಾ ಅಪರೂಪಕ್ಕಷ್ಟೇ ಕೈಹಾಕಬಹುದು ಎಂಬುದು ಆಗಿನ ಸುಪ್ರೀಂ ಕೋರ್ಟಿನ ನಿಲುವಾಗಿತ್ತು. ಬಹುಮತದ ಪರೀಕ್ಷೆ ಸದನದಲ್ಲೇ ನಡೆಯಬೇಕೆಂದು 1983ರಲ್ಲಿ ನೇಮಕವಾದ ಸರ್ಕಾರಿಯಾ ಆಯೋಗ ಹೇಳಿತು. ಆದರೆ ಅದು ಶಿಫಾರಸು ಮಾತ್ರ. ಒಪ್ಪಲೇಬೇಕೆಂಬ ಕಟ್ಟುಪಾಡು ಯಾರಿಗೂ ಇರಲಿಲ್ಲ.

ಹೀಗಿರುವಾಗ ಬಂದದ್ದು 1989ರ ಏಪ್ರಿಲ್. ರಾಮಕೃಷ್ಣ ಹೆಗಡೆ ರಾಜೀನಾಮೆಯ ನಂತರ ಮುಖ್ಯಮಂತ್ರಿಯಾಗಿದ್ದ ಎಸ್.ಆರ್. ಬೊಮ್ಮಾಯಿ ಸಂಪುಟ ವಿಸ್ತರಿಸಿ ಎರಡು ದಿನವಾಗಿತ್ತಷ್ಟೆ. ಆಡಳಿತ ಪಕ್ಷದ ಶಾಸಕರೊಬ್ಬರು ಬೆಂಬಲ ಹಿಂತೆಗೆದುಕೊಂಡು, ಮರುದಿನ ಬೆಂಬಲ ಹಿಂಪಡೆದ ಶಾಸಕರ 19 ಪತ್ರಗಳನ್ನು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ಅವರಿಗೆ ಒಪ್ಪಿಸಿದರು. ರಾಜ್ಯಪಾಲರು ವಿಧಾನಮಂಡಲದ ಕಾರ್ಯದರ್ಶಿಯನ್ನು ಕರೆಸಿ ಸಹಿಗಳು ಅಸಲಿಯೇ ಎಂದು ತಾಳೆ ನೋಡಿಸಿದರು. ಬೊಮ್ಮಾಯಿಗೆ ಬಹುಮತವಿಲ್ಲ ಎಂಬ ವರದಿ 19ರಂದು ದೆಹಲಿಗೆ ಹೋಯಿತು. 20ರಂದು ಅದೇ 19 ಮಂದಿಯಲ್ಲಿ ಏಳು ಜನ, ತಪ್ಪು ತಿಳಿವಳಿಕೆ ಕೊಟ್ಟು ತಮ್ಮಿಂದ ಸಹಿ ಹಾಕಿಸಿಕೊಳ್ಳಲಾಗಿದೆ, ತಾವು ಸರ್ಕಾರದ ಪರವೇ ಇದ್ದೇವೆ ಎಂದು ಬರೆದುಕೊಟ್ಟರು. ಸಂಪುಟ ಅದೇ ದಿನ ಸೇರಿ 27ಕ್ಕೆ ಅಧಿವೇಶನ ಕರೆಯಲು ತೀರ್ಮಾನಿಸಿತು. ಮುಖ್ಯಮಂತ್ರಿ ರಾಜಭವನಕ್ಕೆ ಹೋಗಿ, ಬೇಕಿದ್ದರೆ ಇನ್ನೂ ಮುಂಚೆಯೇ ಸದನದಲ್ಲಿ ಬಹುಮತ ತೋರಿಸುತ್ತೇನೆ ಎಂದರು. ರಾಜ್ಯಪಾಲರು ಮತ್ತೊಂದು ವರದಿ ಕಳಿಸಿದರು. 21ಕ್ಕೆ ರಾಷ್ಟ್ರಪತಿ ಆಡಳಿತ ಜಾರಿಯಾಯಿತು, ವಿಧಾನಸಭೆಯೂ ವಿಸರ್ಜನೆಯಾಯಿತು.

ಬೊಮ್ಮಾಯಿ ಕೇಳಿದ್ದು ಒಂದು ವಾರ. ಕೊಟ್ಟಿದ್ದರೆ ಅವರು ಗೆಲ್ಲುತ್ತಿದ್ದರೋ ಸೋಲುತ್ತಿದ್ದರೋ ಹೇಳಲಾಗದು. ಸೋತಿದ್ದರೂ ಆ ಸೋಲು ಜನ ಆರಿಸಿ ಕಳಿಸಿದವರ ಕೈಯಿಂದ, ಎಲ್ಲರ ಕಣ್ಣೆದುರು ಆಗುತ್ತಿತ್ತು. ನನ್ನ ಮಟ್ಟಿಗೆ ಆ ಪ್ರಕರಣದಲ್ಲಿ ಆದ ದೊಡ್ಡ ಅನ್ಯಾಯ ಇದೇ.

ಕರ್ನಾಟಕ ಹೈಕೋರ್ಟ್ ಅವರ ಅರ್ಜಿಯನ್ನು ತಳ್ಳಿಹಾಕಿತು. ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರ ಮಾರ್ಚ್ 11ರಂದು ತೀರ್ಪಿತ್ತು ಆ ವಜಾ ಸಂವಿಧಾನಬಾಹಿರ ಎಂದಿತು. ಬಹುಮತ ನಿರ್ಧಾರವಾಗಬೇಕಾದ್ದು ರಾಜ್ಯಪಾಲರ ಅಭಿಪ್ರಾಯದಿಂದಲ್ಲ, ಸದನದೊಳಗೆ. ರಾಷ್ಟ್ರಪತಿಯ ಘೋಷಣೆಗೆ ಆಧಾರವೇನಿತ್ತೆಂದು ಕೋರ್ಟು ಕೇಳಬಹುದು. ಸಂಸತ್ತಿನ ಎರಡೂ ಮನೆಗಳು ಒಪ್ಪುವವರೆಗೆ ವಿಧಾನಸಭೆಯನ್ನು ಅಮಾನತಿನಲ್ಲಿಡಬಹುದೇ ಹೊರತು ವಿಸರ್ಜಿಸುವಂತಿಲ್ಲ. ಬೊಮ್ಮಾಯಿಗೆ ಇದರಿಂದ ಏನೂ ದಕ್ಕಲಿಲ್ಲ. ಅಷ್ಟರಲ್ಲಿ ರಾಜ್ಯದಲ್ಲಿ ಚುನಾವಣೆ ನಡೆದು ನಾಲ್ಕು ವರ್ಷ ಕಳೆದಿತ್ತು. ದಕ್ಕಿದ್ದು ನಂತರದವರಿಗೆ.

1998ರ ಫೆಬ್ರುವರಿಯಲ್ಲಿ ಉತ್ತರ ಪ್ರದೇಶದಲ್ಲಿ ಕಲ್ಯಾಣ್ ಸಿಂಗ್ ಮತ್ತು ಜಗದಂಬಿಕಾ ಪಾಲ್ ಇಬ್ಬರೂ ತಾವೇ ಮುಖ್ಯಮಂತ್ರಿ ಎಂದಾಗ ಸುಪ್ರೀಂ ಕೋರ್ಟ್ ಇಬ್ಬರನ್ನೂ ಒಂದೇ ಸದನದಲ್ಲಿ ಮತಕ್ಕೆ ನಿಲ್ಲಿಸಿತು. ಕಲ್ಯಾಣ್ ಸಿಂಗ್‌ಗೆ 225, ಪಾಲ್‌ಗೆ 196 ಮತ ಬಂದವು. 2016ರಲ್ಲಿ ಅರುಣಾಚಲದಲ್ಲಿ ಕೋರ್ಟು ಹಳೆಯ ಸರ್ಕಾರವನ್ನೇ ಮರುಸ್ಥಾಪಿಸಿತು. 2018ರ ಮೇ ತಿಂಗಳಲ್ಲಿ ಬಿ.ಎಸ್. ಯಡಿಯೂರಪ್ಪ ಅವರಿಗೆ ರಾಜ್ಯಪಾಲರು ಕೊಟ್ಟಿದ್ದ 15 ದಿನಗಳ ಗಡುವು ಕೋರ್ಟಿನಿಂದಾಗಿ ಮೂರನೇ ದಿನಕ್ಕೇ ಇಳಿಯಿತು. ಗುಪ್ತ ಮತದಾನ ಬೇಡ ಎಂದೂ ಕೋರ್ಟು ಹೇಳಿತು. ಮೇ 19ರಂದು ಮತಕ್ಕೆ ಹಾಕುವ ಮೊದಲೇ ಅವರು ರಾಜೀನಾಮೆ ಕೊಟ್ಟರು. ಕುದುರೆ ವ್ಯಾಪಾರಕ್ಕೆ ಬೇಕಾದ್ದು ಮುಖ್ಯವಾಗಿ ಸಮಯ. ಆ ಸಮಯವನ್ನು ಮೊಟಕುಗೊಳಿಸಿದ್ದು ಈ ಆದೇಶದ ದೊಡ್ಡ ಸಾಧನೆ.

ಆದರೆ ಸದನದ ಲೆಕ್ಕವನ್ನು ಹೊರಗಿನಿಂದಲೇ ಬದಲಿಸುವ ದಾರಿಯೂ ಸಿಕ್ಕಿತು. 1985ರ ಪಕ್ಷಾಂತರ ನಿಷೇಧ ಕಾಯ್ದೆಯಡಿ ವಿಪ್ ಉಲ್ಲಂಘಿಸಿದವರು ಅನರ್ಹರಾಗುತ್ತಾರೆ. ಹಾಗಾದರೆ ಮತ ಹಾಕುವುದಕ್ಕೇ ಬಾರದೆ ರಾಜೀನಾಮೆ ಕೊಟ್ಟರೆ? 2019ರಲ್ಲಿ ಕರ್ನಾಟಕ ಕಂಡದ್ದು ಅದನ್ನೇ. ಶಾಸಕರು ಮುಂಬೈ ಹೋಟೆಲ್ ಸೇರಿದರು, ಜುಲೈ 23ರಂದು ಎಚ್.ಡಿ. ಕುಮಾರಸ್ವಾಮಿ ಸರ್ಕಾರ 99–105 ಮತಗಳಿಂದ ಬಿತ್ತು. 17 ಮಂದಿಯ ಅನರ್ಹತೆಯನ್ನು ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಆದರೆ ವಿಧಾನಸಭೆಯ ಅವಧಿ ಮುಗಿಯುವತನಕ ಅವರು ಸ್ಪರ್ಧಿಸಬಾರದೆಂದು ಸ್ಪೀಕರ್ ಹಾಕಿದ್ದ ನಿರ್ಬಂಧವನ್ನು ತೆಗೆಯಿತು. ಮರುತಿಂಗಳ ಉಪಚುನಾವಣೆಯಲ್ಲಿ ಅವರಲ್ಲಿ ಹಲವರು ಗೆದ್ದು ಬಂದರು.

2023ರ ಮೇ ತಿಂಗಳ ಮಹಾರಾಷ್ಟ್ರ ತೀರ್ಪು ಇನ್ನೊಂದು ಮಗ್ಗುಲನ್ನು ತೋರಿಸಿತು. ಪಕ್ಷದೊಳಗಿನ ಜಗಳವನ್ನು ಬಗೆಹರಿಸಲು ವಿಶ್ವಾಸಮತವನ್ನು ಸಾಧನ ಮಾಡಿಕೊಳ್ಳುವಂತಿಲ್ಲ, ಉದ್ಧವ್ ಠಾಕ್ರೆಗೆ ಬಹುಮತ ತೋರಿಸಲು ರಾಜ್ಯಪಾಲರು ಹೇಳಿದ್ದೇ ತಪ್ಪು ಎಂದಿತು ಕೋರ್ಟು. ಸದನವನ್ನು ಎದುರಿಸದೆ ಠಾಕ್ರೆ ರಾಜೀನಾಮೆ ಕೊಟ್ಟಿದ್ದರಿಂದ ಅವರ ಸರ್ಕಾರವನ್ನು ಮರಳಿ ಕೂರಿಸಲಾಗದು ಎಂದೂ ಹೇಳಿತು. ಮೂವತ್ತು ವರ್ಷಗಳ ಹಿಂದೆ ಸರ್ಕಾರದ ರಕ್ಷಣೆಗೆ ಬಂದಿದ್ದ ವಿಶ್ವಾಸಮತವನ್ನು ಇಲ್ಲಿ ಸರ್ಕಾರ ಬೀಳಿಸಲು ಬಳಸಲಾಗಿತ್ತು. ಎಲ್ಲಿ ಎಣಿಸಬೇಕೆಂಬುದು ಇತ್ಯರ್ಥವಾಗಿದೆ. ಯಾವಾಗ, ಯಾವ ಆಧಾರದ ಮೇಲೆ ಎಣಿಸಲು ಹೇಳಬಹುದು ಎಂಬ ವಾದ ಇನ್ನೂ ಮುಗಿದಿಲ್ಲ. ಅನರ್ಹತೆಯ ಅರ್ಜಿಗಳನ್ನು ಸ್ಪೀಕರ್ ಸಾಮಾನ್ಯವಾಗಿ ಮೂರು ತಿಂಗಳೊಳಗೆ ತೀರ್ಮಾನಿಸಬೇಕೆಂದು ಕೋರ್ಟು 2020ರಲ್ಲಿ ಹೇಳಿದೆಯಾದರೂ ಕಾಯ್ದೆಯಲ್ಲಿ ಅಂಥ ಗಡುವು ಇಲ್ಲ. ಸಂಸತ್ತು ಮೊದಲು ಮಾಡಬೇಕಾದ ತಿದ್ದುಪಡಿ ಅದು.