10ಕ್ಕೆ 2, 10ಕ್ಕೆ 10

ಜಪಾನಿನ ಸ್ವೆರಿ ನಿರ್ದೇಶಿಸಿದ 'ಡೆಡ್ಲಿ ಪ್ರಿಮೊನಿಷನ್' ವಿಡಿಯೋ ಗೇಮ್ 2010ರಲ್ಲಿ ಅಮೆರಿಕದಲ್ಲಿ ಬಂದಾಗ ಒಂದು ವಿಮರ್ಶೆ 10ಕ್ಕೆ 2 ಕೊಟ್ಟಿತು, ಇನ್ನೊಂದು 10ಕ್ಕೆ 10. ವಿಮರ್ಶಕರನ್ನು ಇಬ್ಭಾಗ ಮಾಡಿದ್ದಕ್ಕೇ ಅದು ಗಿನ್ನೆಸ್ ದಾಖಲೆ ಸೇರಿತು.

ಬೈದವರದ್ದು ಸುಳ್ಳಲ್ಲ. ಕಾರು ಹೇಳಿದ ಮಾತು ಕೇಳುವುದಿಲ್ಲ, ಮ್ಯಾಪ್ ನೋಡಿದರೂ ದಾರಿ ತಿಳಿಯದು, ಚಿತ್ರಗಳೋ ಆಗಲೇ ಹಳತು.

ಆದರೆ ಗ್ರೀನ್‌ವೇಲ್ ಎಂಬ ಆ ಊರು ನೋಡಿ! ಅಲ್ಲಿನ ಜನಕ್ಕೆ ಅವರವರದೇ ದಿನಚರಿ. ನಾವು ಹೋಗಲಿ ಬಿಡಲಿ, ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಹೋಗುತ್ತಾರೆ, ಮನೆಗೆ ಮರಳುತ್ತಾರೆ. ಕೊಲೆ ತನಿಖೆಗೆ ಬಂದ ಅಧಿಕಾರಿ ಯಾರ್ಕ್ ಕ್ಷೌರ ಮಾಡಿಕೊಳ್ಳದಿದ್ದರೆ ಗಡ್ಡ ಬೆಳೆಯುತ್ತದೆ. ಬಟ್ಟೆ ಬದಲಿಸದಿದ್ದರೆ ನೊಣ ಮುತ್ತುತ್ತವೆ.

ಪ್ರಶಸ್ತಿ ಕೊಡಬೇಕೇ? ವರ್ಷದ ಅತ್ಯುತ್ತಮ ಗೇಮ್ ಎನ್ನಲು ನಮಗೂ ಮನಸ್ಸಿಲ್ಲ, ಆ ಕಾರು ಓಡಿಸಿದವರಿಗೇ ಗೊತ್ತು ಕಷ್ಟ. ಕಥೆಗೆ, ಪಾತ್ರಗಳಿಗೆ ಮಾತ್ರ ಕೊಡದಿದ್ದರೆ ಅನ್ಯಾಯ.