ಗೇಮ್ ಓಪನ್ ಆಗ್ತಿಲ್ವಾ? ಫಾರ್ಮ್ಯಾಟ್ ಮಾಡಿಸೋಕೆ ಮುಂಚೆ ಇದನ್ನ ಓದಿ

"ಮಾಮ, ವ್ಯಾಲರಂಟ್ ಓಪನ್ನೇ ಆಗ್ತಿಲ್ಲ. ವ್ಯಾನ್ 9003 ಅಂತ ಬರ್ತಿದೆ. ಅಂಗಡಿಯೋರು ಪೂರ್ತಿ ಫಾರ್ಮ್ಯಾಟ್ ಮಾಡ್ಬೇಕು ಅಂತಾವ್ರೆ."

ಮಾಗಡಿ ರಸ್ತೆಯ ಬ್ಯಾಡರಹಳ್ಳಿಯಿಂದ ಅಕ್ಕನ ಮಗ ಫೋನ್ ಮಾಡಿದ್ದ. "ಏನೂ ಮುಟ್ಬೇಡ ಕಣೋ, ಬರ್ತೀನಿ" ಅಂದೆ. ಆ ಕಂಪ್ಯೂಟರ್ ಬರೀ ಆಟದ್ದಲ್ಲ. ಅಕ್ಕನ ಟೈಲರಿಂಗ್ ಲೆಕ್ಕ, ಅವನ ಕಾಲೇಜು ಪ್ರಾಜೆಕ್ಟ್, ತೀರಿಕೊಂಡ ಭಾವನ ಫೋಟೊಗಳು ಎಲ್ಲ ಅದರಲ್ಲೇ ಇವೆ. ಬೇರೆಲ್ಲೂ ಕಾಪಿ ಇಲ್ಲ. ಫಾರ್ಮ್ಯಾಟ್ ಅನ್ನೋ ಒಂದು ಮಾತಿಗೆ ಅಷ್ಟೂ ಹೋಗುತ್ತಿತ್ತು.

ನಿಜ ಹೇಳಬೇಕಂದ್ರೆ, ಈ ತೊಂದರೆಗೆ ಫಾರ್ಮ್ಯಾಟ್ ಬೇಕಾಗುವುದು ಅಪರೂಪ.

ಆಟ ಕೇಳ್ತಿರೋದು ಏನು?

ಪವರ್ ಬಟನ್ ಒತ್ತಿದ ತಕ್ಷಣ ವಿಂಡೋಸ್ ಏಳುವುದಿಲ್ಲ. ಅದಕ್ಕೂ ಮೊದಲು ಮದರ್‌ಬೋರ್ಡ್‌ನಲ್ಲಿರುವ ಯುಇಎಫ್‌ಐ ಎಂಬ ತಂತ್ರಾಂಶ ಎದ್ದಿರುತ್ತದೆ. ನಾವೆಲ್ಲ ಇದನ್ನು ಈಗಲೂ ಬಯಾಸ್ ಅಂತಲೇ ಕರೆಯುತ್ತೇವೆ. ವಿಂಡೋಸನ್ನು ಏಳಿಸುವ ಫೈಲ್ ಮೇಲೆ ನಂಬಿಕಸ್ತ ಡಿಜಿಟಲ್ ಸಹಿ ಇದೆಯೇ ಎಂದು ಅದು ನೋಡುತ್ತದೆ, ಇಲ್ಲದಿದ್ದರೆ ಬಾಗಿಲಲ್ಲೇ ತಡೆಯುತ್ತದೆ. ಇದೇ ಸೆಕ್ಯೂರ್ ಬೂಟ್. ಟಿಪಿಎಂ 2.0 ಇದಕ್ಕೆ ಜೊತೆಗಾರ: ಗುಪ್ತ ಕೀಲಿಗಳನ್ನು ಇಟ್ಟುಕೊಳ್ಳುವ, ಬೂಟ್ ಹೇಗೆ ನಡೆಯಿತೆಂದು ದಾಖಲಿಸುವ ಪುಟ್ಟ ಭಾಗ. ಹೊಸ ಪ್ರೊಸೆಸರ್‌ಗಳಲ್ಲಿ ಒಳಗೇ ಇರುತ್ತದೆ. ಬಯಾಸ್‌ನಲ್ಲಿ ಇಂಟೆಲ್‌ನವರು ಪಿಟಿಟಿ ಅಂತಾರೆ, ಎಎಂಡಿಯವರು ಎಫ್‌ಟಿಪಿಎಂ ಅಂತಾರೆ.

ಚೀಟಿಂಗ್ ಮಾಡುವ ಕೆಲವರು ವಿಂಡೋಸ್‌ಗಿಂತ ಮೊದಲೇ ತಮ್ಮ ತಂತ್ರಾಂಶವನ್ನು ಏಳಿಸಿ ಅವಿತುಕೊಳ್ಳುತ್ತಾರೆ. ಅದನ್ನು ತಡೆಯಲು ವ್ಯಾಲರಂಟ್ ವಿಂಡೋಸ್ 11ರಲ್ಲಿ ಈ ಎರಡನ್ನೂ ಕೇಳುತ್ತದೆ. 2025ರ ಅಕ್ಟೋಬರ್ 10ರಂದು ಬಂದ ಬ್ಯಾಟಲ್‌ಫೀಲ್ಡ್ 6 ಕೂಡ ಸೆಕ್ಯೂರ್ ಬೂಟ್ ಇಲ್ಲದೆ ಓಡುವುದಿಲ್ಲ.

ಸರಿಮಾಡೋದು ಹೇಗೆ?

ಸ್ಟಾರ್ಟ್ ಮೆನುವಿನಲ್ಲಿ 'ಸಿಸ್ಟಂ ಇನ್‌ಫರ್ಮೇಶನ್' ಹುಡುಕಿ ತೆರೆಯಿರಿ. 'ಬಯಾಸ್ ಮೋಡ್' ಮತ್ತು 'ಸೆಕ್ಯೂರ್ ಬೂಟ್ ಸ್ಟೇಟ್' ಎಂಬ ಎರಡು ಸಾಲು ಸಾಕು.

ಮೊದಲ ಸಾಲಿನಲ್ಲಿ ಯುಇಎಫ್‌ಐ, ಎರಡನೆಯದರಲ್ಲಿ ಆಫ್ ಅಂತಿದ್ದರೆ ಕೆಲಸ ಸುಲಭ. ಆದರೆ ಬಯಾಸ್‌ಗೆ ಕೈ ಹಾಕುವ ಮುನ್ನ, ಡಿಸ್ಕ್‌ಗೆ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಶನ್ ಬೀಗ ಬಿದ್ದಿದೆಯಾ ನೋಡಿ. ಬಿದ್ದಿದ್ದರೆ 48 ಅಂಕಿಗಳ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಸಾಮಾನ್ಯವಾಗಿ ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಸೆಟ್ಟಿಂಗ್ ಬದಲಾದ ಮೇಲೆ ಯಂತ್ರ ಅದನ್ನು ಕೇಳಬಹುದು. ಕೀ ಸಿಗದಿದ್ದರೆ ಒಳಗಿರುವ ಡೇಟಾ ಹೋದಂತೆಯೇ.

ಆಮೇಲೆ ರೀಸ್ಟಾರ್ಟ್ ಮಾಡಿ ಡಿಲೀಟ್ ಅಥವಾ ಎಫ್2 ಕೀ ಒತ್ತುತ್ತಾ ಬಯಾಸ್‌ಗೆ ಹೋಗಿ. ಬೂಟ್ ಅಥವಾ ಸೆಕ್ಯೂರಿಟಿ ಭಾಗದಲ್ಲಿ ಸೆಕ್ಯೂರ್ ಬೂಟ್ ಆನ್ ಮಾಡಿ, ಟಿಪಿಎಂ ಆಫ್ ಇದ್ದರೆ ಅದನ್ನೂ ಆನ್ ಮಾಡಿ. ಆನ್ ಮಾಡಿದರೂ 'ನಾಟ್ ಆ್ಯಕ್ಟಿವ್' ಅಂತ ತೋರಿಸಿದರೆ, ಕೀಗಳನ್ನು ಫ್ಯಾಕ್ಟರಿ ಸ್ಥಿತಿಗೆ ತರುವ ಆಯ್ಕೆ ಅಲ್ಲೇ ಇರುತ್ತದೆ.

ನಮ್ಮ ಹುಡುಗನದು ಇಷ್ಟು ಸುಲಭ ಇರಲಿಲ್ಲ. ಬಯಾಸ್ ಮೋಡ್ 'ಲೆಗಸಿ' ಅಂತಿತ್ತು. ಅಸೆಂಬಲ್ ಮಾಡಿಕೊಟ್ಟವರು ಡಿಸ್ಕನ್ನು ಹಳೆಯ ಎಂಬಿಆರ್ ಕ್ರಮದಲ್ಲಿಟ್ಟು ವಿಂಡೋಸ್ ಹಾಕಿದ್ದರು. ಯುಇಎಫ್‌ಐ ಮೂಲಕ ವಿಂಡೋಸ್ ಏಳಲು ಡಿಸ್ಕ್ ಜಿಪಿಟಿ ಆಗಿರಬೇಕು. ಅದಕ್ಕೇ ಅಂಗಡಿಯವರು ಫಾರ್ಮ್ಯಾಟ್ ಅಂದದ್ದು.

ಡೇಟಾ ಅಳಿಸದೆ ಇದನ್ನು ಬದಲಿಸುವ ಉಪಕರಣ ವಿಂಡೋಸ್‌ನಲ್ಲೇ ಇದೆ, ಎಂಬಿಆರ್2ಜಿಪಿಟಿ ಅಂತ. 2017ರಿಂದ ವಿಂಡೋಸ್ 10ರ ಜೊತೆಗೇ ಬರುತ್ತಿದೆ. ಆದರೂ ಮೊದಲು ಬ್ಯಾಕಪ್. ಎಕ್ಸ್‌ಟರ್ನಲ್ ಡಿಸ್ಕ್‌ಗೆ ಎಲ್ಲ ಕಾಪಿ ಆಗೋಕೆ ಎರಡು ಗಂಟೆ ಹಿಡಿಯಿತು. ಬಿಟ್‌ಲಾಕರ್ ಇದ್ದರೆ ತಾತ್ಕಾಲಿಕವಾಗಿ ಸಸ್ಪೆಂಡ್ ಮಾಡಬೇಕು, ಅವನದರಲ್ಲಿ ಇರಲಿಲ್ಲ. ನಂತರ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನ್ ಆಗಿ ತೆರೆದು, 'ಅಲೌ ಫುಲ್ ಓಎಸ್' ಆಯ್ಕೆಯೊಂದಿಗೆ ಮೊದಲು 'ವ್ಯಾಲಿಡೇಟ್' ಓಡಿಸಿದೆ. ಅದು ಪಾಸಾದ ಮೇಲೆಯೇ 'ಕನ್ವರ್ಟ್'. ಡಿಸ್ಕ್‌ನಲ್ಲಿ ಮೂರಕ್ಕಿಂತ ಹೆಚ್ಚು ಪ್ರೈಮರಿ ಪಾರ್ಟಿಶನ್ ಇದ್ದರೆ ವ್ಯಾಲಿಡೇಟ್ ಫೇಲ್ ಆಗುತ್ತದೆ.

ಇಲ್ಲಿ ಕ್ರಮ ತಪ್ಪಬಾರದು. ಮೊದಲು ಕನ್ವರ್ಟ್, ಆಮೇಲೆ ಬಯಾಸ್‌ನಲ್ಲಿ ಸಿಎಸ್‌ಎಂ ಆಫ್, ಕೊನೆಗೆ ಸೆಕ್ಯೂರ್ ಬೂಟ್ ಆನ್. ಸಿಎಸ್‌ಎಂ ಮೊದಲೇ ಆಫ್ ಮಾಡಿ "ಬೂಟೇ ಆಗ್ತಿಲ್ಲ" ಅಂತ ಗಾಬರಿಯಾದವರು ಅದನ್ನು ಮತ್ತೆ ಆನ್ ಮಾಡಿದರೆ ಹಳೆ ವಿಂಡೋಸ್ ವಾಪಸ್ ಬರುತ್ತದೆ.

ಸೆಕೆಂಡ್ ಹ್ಯಾಂಡ್ ಹಳೇ ಪಿಸಿಗೆ ಅಡ್ಡದಾರಿಯಲ್ಲಿ ವಿಂಡೋಸ್ 11 ಹಾಕಿಸಿಕೊಂಡವರಿಗೆ ಮಾತ್ರ ಕಷ್ಟ. ಟಿಪಿಎಂ 2.0 ಇಲ್ಲದ ಯಂತ್ರದಲ್ಲಿ ಯಾವ ಸೆಟ್ಟಿಂಗೂ ಅದನ್ನು ಹುಟ್ಟಿಸಲಾರದು. ಬಯಾಸ್ ಅಪ್‌ಡೇಟ್ ಮಾಡುವುದಾದರೆ ಯುಪಿಎಸ್ ಇಲ್ಲದೆ ಮಾಡಬೇಡಿ. ನಡುವೆ ಕರೆಂಟ್ ಹೋದರೆ ಬೋರ್ಡೇ ಕೆಡಬಹುದು.

ಕೀಲಿ ಯಾರ ಕೈಲಿ?

ಸೆಕ್ಯೂರ್ ಬೂಟ್ ಬಗ್ಗೆ ನನಗೆ ಈಗ ದೊಡ್ಡ ತಕರಾರಿಲ್ಲ. ಹೆಚ್ಚಿನ ಬೋರ್ಡ್‌ಗಳಲ್ಲಿ ಮೈಕ್ರೋಸಾಫ್ಟ್‌ನ ಕೀಲಿಗಳೇ ತುಂಬಿ ಬರುತ್ತವೆ ಅನ್ನೋದು ನಿಜ. ಮಾಲೀಕನಿಗೇ ಆಫ್ ಮಾಡಲು ಬಿಡದಿದ್ದರೆ ಅದು ಭದ್ರತೆಯಲ್ಲ, ನಿರ್ಬಂಧ ಎಂದು ಫ್ರೀ ಸಾಫ್ಟ್‌ವೇರ್ ಫೌಂಡೇಶನ್ 2011ರಲ್ಲೇ ಎಚ್ಚರಿಸಿತ್ತು. ಸಾಮಾನ್ಯ ಪಿಸಿಯಲ್ಲಿ ಇವತ್ತಿಗೂ ಆಫ್ ಮಾಡಬಹುದು. ಉಬುಂಟು, ಫೆಡೋರಾ ಕೂಡ ಸೆಕ್ಯೂರ್ ಬೂಟ್ ಇದ್ದಾಗಲೂ ಏಳುತ್ತವೆ.

ನನ್ನ ತಕರಾರು ಆಟದ ಜೊತೆ ಬರುವ ಕಾವಲುಗಾರನ ಬಗ್ಗೆ. ವ್ಯಾಲರಂಟ್‌ನ ವ್ಯಾನ್‌ಗಾರ್ಡ್ ಕೆಲಸ ಮಾಡುವುದು ಕರ್ನಲ್ ಮಟ್ಟದಲ್ಲಿ, ಅಂದರೆ ಆಪರೇಟಿಂಗ್ ಸಿಸ್ಟಂನ ಗರ್ಭಗುಡಿಯಲ್ಲಿ. ಆಟ ಆಡದಿದ್ದರೂ ಕಂಪ್ಯೂಟರ್ ಆನ್ ಆದಾಗಲೇ ಅದರ ಡ್ರೈವರ್ ಎದ್ದು ಕೂರುತ್ತದೆ. ಅದು ಕದಿಯುತ್ತಿದೆ ಅಂತ ನಾನು ಹೇಳ್ತಿಲ್ಲ. ಆ ಜಾಗದಲ್ಲಿ ತಪ್ಪಾದರೆ ಬೆಲೆ ದೊಡ್ಡದು. 2022ರಲ್ಲಿ ಗೆನ್‌ಶಿನ್ ಇಂಪ್ಯಾಕ್ಟ್ ಆಟದ ಆ್ಯಂಟಿ-ಚೀಟ್ ಡ್ರೈವರನ್ನೇ ಬಳಸಿ ರ‍್ಯಾನ್ಸಮ್‌ವೇರ್ ದಾಳಿಕೋರರು ಆ್ಯಂಟಿವೈರಸ್ ಬಂದ್ ಮಾಡಿದ್ದನ್ನು ಟ್ರೆಂಡ್ ಮೈಕ್ರೋ ಬಯಲು ಮಾಡಿತು. ಬಲಿಯಾದ ಯಂತ್ರದಲ್ಲಿ ಆಟ ಇರಬೇಕೆಂದೇ ಇರಲಿಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್‌ನ ಒಂದು ತಪ್ಪು ಅಪ್‌ಡೇಟ್‌ಗೆ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಮಲಗಿದವು, ಬೆಂಗಳೂರು ವಿಮಾನ ನಿಲ್ದಾಣದಲ್ಲೂ ಚೆಕ್-ಇನ್‌ಗೆ ಕ್ಯೂ ಬೆಳೆಯಿತು. ಅದು ಆಟವಲ್ಲ, ಭದ್ರತಾ ತಂತ್ರಾಂಶ. ಕೂತಿದ್ದ ಜಾಗ ಮಾತ್ರ ಅದೇ.

"ಹಾಗಾದ್ರೆ ಆಡ್ಬಾರ್ದಾ ಮಾಮ?" ಅಂದ.

"ಆಡೋ. ಆದ್ರೆ ಪರೀಕ್ಷೆ ಟೈಮಲ್ಲಿ ವ್ಯಾನ್‌ಗಾರ್ಡ್ ತೆಗೆದುಹಾಕು" ಅಂದೆ. ಸೆಟ್ಟಿಂಗ್ಸ್‌ನ ಆ್ಯಪ್ಸ್ ಪಟ್ಟಿಯಲ್ಲಿ ಅದು ಆಟಕ್ಕಿಂತ ಬೇರೆಯಾಗಿಯೇ ಇರುತ್ತದೆ. ಮತ್ತೆ ಆಡಬೇಕಾದಾಗ ತಾನೇ ಇನ್‌ಸ್ಟಾಲ್ ಆಗುತ್ತದೆ, ಒಂದು ರೀಸ್ಟಾರ್ಟ್ ಅಷ್ಟೇ. ಭಾವನ ಫೋಟೊಗಳಿದ್ದ ಎಕ್ಸ್‌ಟರ್ನಲ್ ಡಿಸ್ಕನ್ನು ಅಕ್ಕ ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟಳು.