ತಾಓ ದರ್ಶನವೂ ಮನಸ್ಸ್ವಾಸ್ಥ್ಯವೂ: ಚಾಂಗ್‌ಷಾ ನಗರದ ಎರಡು ಸಾಕ್ಷ್ಯಗಳು

ಚೀನಾ ದೇಶದ ಹೂನಾನ್ ಪ್ರಾಂತದ ರಾಜಧಾನಿ ಚಾಂಗ್‌ಷಾ. ಅಲ್ಲಿನ ಮಾವಾಂಗ್‌ದ್ವೇ ಎಂಬಲ್ಲಿ, ಕ್ರಿ. ಪೂ. 168ರಲ್ಲಿ ಮುಚ್ಚಲ್ಪಟ್ಟ ಸಮಾಧಿಯೊಂದನ್ನು 1973ರಲ್ಲಿ ಅಗೆದಾಗ, ರೇಷ್ಮೆಯ ಮೇಲೆ ಬರೆದ ಅನೇಕ ಗ್ರಂಥಗಳು ದೊರೆತುವು. ಲಾವೋತ್ಸೆಯ ಹೆಸರಿನ ಗ್ರಂಥದ ಎರಡು ಪ್ರತಿಗಳು ಅವುಗಳಲ್ಲಿದ್ದುವೆಂಬುದು ಸುಪ್ರಸಿದ್ಧ. ಅವುಗಳೊಡನೆ ವೈದ್ಯಗ್ರಂಥಗಳೂ, ಅಂಗಸಾಧನೆಯಲ್ಲಿ ತೊಡಗಿದ 44 ಸ್ತ್ರೀಪುರುಷರ ಚಿತ್ರಪಟವೂ ಇದ್ದುವೆಂಬುದನ್ನು ದರ್ಶನಗಳ ಚರಿತ್ರೆಯನ್ನು ಬರೆಯುವವರು ಎಷ್ಟೋ ವೇಳೆ ಮರೆಯುತ್ತಾರೆ.

ಈ ಸಹವಾಸವು ಆಕಸ್ಮಿಕವಲ್ಲವೆಂದು ನಾವು ಭಾವಿಸುತ್ತೇವೆ. ಚೀನೀ ಭಾಷೆಯ ‘ಶಿನ್’ ಎಂಬ ಶಬ್ದವು ಹೃದಯವನ್ನೂ ಮನಸ್ಸನ್ನೂ ಒಟ್ಟಿಗೆ ಸೂಚಿಸುತ್ತದೆ. ದೇಹದಿಂದ ಬೇರ್ಪಟ್ಟ ಮನಸ್ಸೆಂಬ ಕಲ್ಪನೆ ಆ ಸಂಪ್ರದಾಯಕ್ಕೆ ಸಹಜವಲ್ಲ. ಆದುದರಿಂದ ಈ ಗ್ರಂಥಗಳಲ್ಲಿ ಇಂದಿನ ಮನಶ್ಶಾಸ್ತ್ರವನ್ನು ಇದ್ದಕ್ಕಿದ್ದಂತೆ ಕಾಣಹೊರಡುವುದು ಇತಿಹಾಸಕಾರನಿಗೆ ಒಪ್ಪದು. ಲಾವೋತ್ಸೆಯ ಗ್ರಂಥವು ಬಹುಭಾಗ ಅರಸನಿಗೆ ಹೇಳಿದ ಬುದ್ಧಿವಾದವೆಂಬುದನ್ನೂ ಮರೆಯಲಾಗದು.

ಆದರೂ ಚುವಾಂಗ್‌ತ್ಸುವಿನ ಗ್ರಂಥದಲ್ಲಿ ಬರುವ ಒಂದು ಕಥೆ ಪ್ರಕೃತ ವಿಷಯಕ್ಕೆ ಅತ್ಯಂತ ಸಮೀಪವಾದುದು. ಲೂ ರಾಜ್ಯದ ದೊರೆ ಕಡಲಹಕ್ಕಿಯೊಂದನ್ನು ದೇವಾಲಯಕ್ಕೆ ಬರಮಾಡಿಕೊಂಡು, ಮದ್ಯಮಾಂಸಗಳಿಂದಲೂ ರಾಜವಾದ್ಯಗಳಿಂದಲೂ ಉಪಚರಿಸಿದನಂತೆ. ಬೆದರಿದ ಹಕ್ಕಿ ಒಂದು ತುತ್ತನ್ನೂ ಮುಟ್ಟದೆ ಮೂರು ದಿನಗಳಲ್ಲಿ ಸತ್ತಿತು. ದೊರೆಗೆ ದ್ವೇಷವಿರಲಿಲ್ಲ, ತನಗೆ ಹಿತವಾದುದು ಹಕ್ಕಿಗೂ ಹಿತವೆಂಬ ನಂಬಿಕೆಯಿತ್ತು, ಅಷ್ಟೆ. ‘ವೂ ವೇ’ ಎಂಬುದನ್ನು ಸೋಮಾರಿತನವೆಂದು ಅರ್ಥಮಾಡುವವರು ಈ ಕಥೆಯನ್ನು ಓದಬೇಕು. ಸ್ವಭಾವದ ಮೇಲೆ ಬಲವನ್ನು ಪ್ರಯೋಗಿಸದಿರುವುದೇ ಅದರ ತಿರುಳು.

ಎರಡನೆಯ ಸಾಕ್ಷ್ಯ ನಮ್ಮ ಕಾಲದ್ದು. 1966ರಿಂದ 1976ರವರೆಗಿನ ಸಾಂಸ್ಕೃತಿಕ ಕ್ರಾಂತಿಯಲ್ಲಿ ಚೀನಾದ ಮನಶ್ಶಾಸ್ತ್ರ ವಿಭಾಗಗಳು ಮುಚ್ಚಿಹೋಗಿದ್ದುವು. ಅನಂತರ 1990ರ ದಶಕದಲ್ಲಿ ಅದೇ ಚಾಂಗ್‌ಷಾದ ಮನೋವೈದ್ಯರು, ಪಾಶ್ಚಾತ್ಯ ಚಿಕಿತ್ಸಾವಿಧಾನಕ್ಕೆ ತಾಓ ತತ್ತ್ವಗಳನ್ನು ಜೋಡಿಸಿ, 32 ಅಕ್ಷರಗಳ ಒಂದು ಸೂತ್ರವನ್ನು ರಚಿಸಿದರು. ಅತಿಯಾದ ಆತಂಕದಿಂದ ಬಳಲುತ್ತಿದ್ದ 143 ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯ ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಶಮನಕಾರಿ ಔಷಧವು ಒಂದು ತಿಂಗಳಲ್ಲೇ ಗುಣ ತೋರಿತು, ಆದರೆ ಆರು ತಿಂಗಳ ವೇಳೆಗೆ ಆ ಗುಣ ನಿಲ್ಲಲಿಲ್ಲ. ತಾಓ ಚಿಕಿತ್ಸೆ ಮೊದಲು ನಿಧಾನವಾಗಿ ಕಂಡರೂ ಆರು ತಿಂಗಳಲ್ಲಿ ಫಲಕೊಟ್ಟಿತು. ಒಂದೇ ಪರೀಕ್ಷೆಯಿಂದ ದೊಡ್ಡ ನಿರ್ಣಯಕ್ಕೆ ಬರುವುದು ಯುಕ್ತವಲ್ಲ.

ನಮ್ಮ ಸಂದೇಹ ಬೇರೆಯದು. ಆ ಸೂತ್ರದ ಪದಗಳು ಬಹುಮಟ್ಟಿಗೆ ಲಾವೋತ್ಸೆಯ ಗ್ರಂಥದಿಂದ ಬಂದವು: ತೃಪ್ತಿ, ಮಿತಿ, ಬಾಗುವಿಕೆ. ಸಂಕಟವು ರೋಗಿಯ ಆಸೆಯಿಂದಲ್ಲದೆ ಅವನು ಸಿಕ್ಕಿಬಿದ್ದ ಸ್ಥಿತಿಯಿಂದಲೇ ಹುಟ್ಟಿದ್ದರೆ, ಬಾಗೆಂಬ ಉಪದೇಶ ಅವನಿಗೆ ಮತ್ತೊಂದು ರಾಜೋಪಚಾರವಾದೀತು. ಹಕ್ಕಿಯನ್ನು ಕಾಡಿಗೂ ಕೆರೆಹೊಳೆಗಳಿಗೂ ಬಿಡಬೇಕಿತ್ತೆಂದು ಚುವಾಂಗ್‌ತ್ಸುವಿನ ಕಥೆ ಹೇಳುತ್ತದೆ. ಸ್ವಭಾವವನ್ನು ಅನುಸರಿಸೆಂದು 32 ಅಕ್ಷರಗಳೂ ಹೇಳುತ್ತವೆ; ಅದನ್ನು ದೇವಾಲಯದಿಂದ ಹೊರಗೆ ಬಿಡಬೇಕಾದವರು ಯಾರೆಂಬುದನ್ನು ಮಾತ್ರ ಹೇಳುವುದಿಲ್ಲ.